ವ್ಯಾನ್‌ಗೆ ಸೆಕೆಂಡ್ ಹ್ಯಾಂಡ್ ಹೆಡ್‌ಲೈಟ್ ಬೇಕಾ? ಮೊದಲು ಹಿಂದೆ ತಿರುಗಿಸಿ ನೋಡಿ

ನಮ್ಮದು ಗಂಗಾವತಿ. ಮದುವೆ, ಗೃಹಪ್ರವೇಶ ಅಂತ ಸುತ್ತಮುತ್ತಲ ಊರುಗಳಿಗೆ ಅಡುಗೆ ಮಾಡಿಕೊಡುವ ಮನೆತನ. ಪಾತ್ರೆ ಹೊರೋದಕ್ಕೆ ಒಂದು ಹಳೆಯ ಈಕೋ ಇದೆ. ಎರಡು ವರ್ಷದ ಹಿಂದೆ ಮಾನ್ವಿ ಹತ್ತಿರ ಒಂದು ಮದುವೆ ಮುಗಿಸಿ ಕೊಪ್ಪರಿಗೆಗಳನ್ನು ಗಾಡಿಗೆ ತುಂಬುತ್ತಿದ್ದೆವು, ಹಿಂದಕ್ಕೆ ಬಂದ ಟ್ರ್ಯಾಕ್ಟರ್ ಟ್ರೇಲರ್‌ನ ಮೂಲೆ ನಮ್ಮ ವ್ಯಾನಿನ ಡ್ರೈವರ್ ಸೈಡ್ ಹೆಡ್‌ಲೈಟ್‌ಗೆ ತಾಗಿತು. ಗಾಜು ಒಡೆಯಿತು, ಒಳಗಿನ ಬೆಳ್ಳಿ ಬಟ್ಟಲು ಸೀಳಿತು.

ಅವತ್ತು ರಾತ್ರಿ ಸಿಂಧನೂರು, ಕಾರಟಗಿ ಮೇಲೆ ಒಂದೇ ಲೈಟಿನಲ್ಲಿ ಮನೆಗೆ ಬಂದೆವು. ಆ ದಾರಿ ಗೊತ್ತಿದ್ದವರಿಗೆ ಗೊತ್ತು. ಭತ್ತದ ಸುಗ್ಗಿ ಬಂದರೆ ಹಿಂದೆ ಕೆಂಪು ಲೈಟೂ ಇಲ್ಲದ, ರಿಫ್ಲೆಕ್ಟರ್ ಪಟ್ಟಿಯೂ ಇಲ್ಲದ ಟ್ರೇಲರ್‌ಗಳು ಸಾಲಾಗಿ ಹೋಗುತ್ತಿರುತ್ತವೆ. ಡ್ರೈವರ್ ಸೈಡ್ ಲೈಟ್ ಹೋಗಿದ್ದರೆ ಇನ್ನೊಂದು ಅಪಾಯ ಇದೆ. ಎದುರಿಗೆ ಬರುವವನಿಗೆ ನಮ್ಮ ಎಡಗಡೆ ಲೈಟ್ ಒಂದೇ ಕಾಣುತ್ತದೆ, ಅವನು ರಸ್ತೆ ಅಂಚಿನಲ್ಲಿ ಬೈಕ್ ಬರುತ್ತಿದೆ ಅಂದುಕೊಂಡು ನಮ್ಮ ಕಡೆಗೇ ಸರಿದು ಬರುತ್ತಾನೆ. ಎರಡು ಲಾರಿ ಹಾಗೆ ಬಂದವು. ನನ್ನ ತಮ್ಮ ಹಿಂದಿನ ಸೀಟಿನಲ್ಲಿ ಬಲಗಡೆ ಕೂತು ಮೊಬೈಲ್ ಟಾರ್ಚ್ ಹೊರಗೆ ಹಿಡಿದುಕೊಂಡೇ ಬಂದ.

ಆಮೇಲೆ ಸೆಕೆಂಡ್ ಹ್ಯಾಂಡ್ ಡೂಮ್ ಹುಡುಕೋದಕ್ಕೆ ಶುರು ಮಾಡಿದೆ. (ನಮ್ಮ ಕಡೆ ಇಡೀ ಹೆಡ್‌ಲೈಟಿನ ಸೆಟ್ಟಿಗೆ ಡೂಮ್ ಅಂತಲೇ ಅನ್ನೋದು, ಇಲ್ಲೂ ಹಾಗೇ ಬರೆಯುತ್ತೇನೆ.) ಮೊದಲ ಸಲ ತಂದದ್ದು ಹಾಳಾಯಿತು. ಎರಡನೇ ಸಲ ಸರಿಯಾದದ್ದು ಸಿಕ್ಕಿತು. ಅದರಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ, ಈಕೋ ಇರಲಿ, ಓಮ್ನಿ ಇರಲಿ, ಮ್ಯಾಜಿಕ್ ಇರಲಿ, ಟ್ರಾವೆಲರ್ ಇರಲಿ, ಕ್ರಮ ಒಂದೇ.

ಗುಜರಿಗೆ ಹೋಗುವ ಮುಂಚೆ ಮನೆಯಲ್ಲೇ ಮಾಡುವ ಕೆಲಸ

ನಿಜಕ್ಕೂ ಡೂಮೇ ಬದಲಿಸಬೇಕಾ ನೋಡಿ. ಲೈಟ್ ಹತ್ತುತ್ತಿಲ್ಲ ಅಂದರೆ ಬಲ್ಬ್ ಸುಟ್ಟಿರಬಹುದು, ಫ್ಯೂಸ್ ಹೋಗಿರಬಹುದು, ಬಲ್ಬಿನ ಹಿಂದೆ ವೈರುಗಳನ್ನು ಸಿಕ್ಕಿಸುವ ಕಪ್ಲರ್ ಕರಗಿರಬಹುದು, ಅರ್ತ್ ವೈರಿನ ತುದಿ ತುಕ್ಕು ಹಿಡಿದಿರಬಹುದು. ಮಂಕಾಗಿ ಹತ್ತುತ್ತಿದೆ ಅಂದರೆ ಹೆಚ್ಚು ಸಲ ಅರ್ತ್‌ದೇ ತೊಂದರೆ. ಇವೆಲ್ಲ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹತ್ತು ನಿಮಿಷದ ಕೆಲಸ, ಇದಕ್ಕೆ ಡೂಮ್ ಕೊಂಡು ದುಡ್ಡು ಹಾಳು ಮಾಡಬೇಡಿ.

ಗಾಜು ಬರೀ ಹಳದಿಯಾಗಿದೆ, ಒಳಗೆ ಚೆನ್ನಾಗಿದೆ ಅಂದರೂ ಬದಲಿಸುವುದು ಬೇಡ. ಈಗಿನ ಡೂಮ್‌ಗಳ ಮುಂದಿನದು ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲು ತಡೆಯುವ ಒಂದು ತೆಳು ಲೇಪ ಇರುತ್ತದೆ. ರಾಯಚೂರು, ಬಳ್ಳಾರಿ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತರೆ ಆ ಲೇಪ ಹೋಗಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಅದಕ್ಕೆ ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಾದರೆ ಅದಿರಿನ ಕೆಂಪು ಧೂಳು ಬೇರೆ, ಒಣ ಬಟ್ಟೆಯಿಂದ ಒರೆಸಿದಷ್ಟೂ ಗೀರು. ವಾಟರ್ ಪೇಪರ್ 800, ಆಮೇಲೆ 1200, ಆಮೇಲೆ 2000, ಈ ಕ್ರಮದಲ್ಲಿ ನೀರು ಹಾಕುತ್ತಾ ಉಜ್ಜಿ ಪಾಲಿಶ್ ಮಾಡಿಸಿದರೆ ಮತ್ತೆ ತಿಳಿಯಾಗುತ್ತದೆ. ಮೇಲೆ ಕ್ಲಿಯರ್ ಕೋಟ್ ಹೊಡೆಸಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚುವುದು ನಾಲ್ಕು ದಿನದ ಮಾತು.

ಅಪಘಾತ ಆಗಿದ್ದರೆ ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ, ಅಂದರೆ 50 ಶೇಕಡಾ ಸವಕಳಿ ಹಿಡಿದುಕೊಂಡೇ ದುಡ್ಡು ಕೊಡುತ್ತಾರೆ. ಝೀರೊ ಡೆಪ್ ಇದ್ದರೆ ಆ ಕಡಿತ ಇಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮ್‌ನಲ್ಲಿ ಕೊಡುವ ರಿಯಾಯಿತಿ ಹೋಗುತ್ತದೆ, ಅದು ಮೊದಲ ವರ್ಷಕ್ಕೆ 20 ಶೇಕಡಾದಿಂದ ಶುರುವಾಗಿ 50ರ ತನಕ ಏರಿರುತ್ತದೆ. ಬರೀ ಒಂದು ಡೂಮ್ ಹೋಗಿದ್ದರೆ ಕ್ಲೇಮ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಡೂಮ್ ಜೊತೆ ಬಂಪರ್, ಗ್ರಿಲ್, ಫೆಂಡರ್ ಎಲ್ಲ ಹೋಗಿದ್ದರೆ ಲೆಕ್ಕ ಬೇರೆ.

ಹೊಸದರ ಬೆಲೆಯನ್ನು ಮೊದಲು ಕೇಳಿಕೊಳ್ಳಿ. ಕಂಪನಿ ಶೋರೂಮಿನ ಸ್ಪೇರ್ಸ್ ಕೌಂಟರ್‌ನಲ್ಲಿ ಒಂದು, ಹೊರಗಿನ ಸ್ಪೇರ್ಸ್ ಅಂಗಡಿಯಲ್ಲಿ ಒಂದು. ಇದನ್ನು ಯಾರೂ ಮಾಡುವುದಿಲ್ಲ, ಸೀದಾ ಗುಜರಿಗೆ ಹೋಗುತ್ತಾರೆ, ಹೊಸದಕ್ಕಿಂತ ಇನ್ನೂರು ರೂಪಾಯಿ ಕಮ್ಮಿಗೆ ಹಳೆಯದು ತಂದು ಗೆದ್ದೆ ಅಂದುಕೊಳ್ಳುತ್ತಾರೆ. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಕಂಪನಿಯ ಹೊಸ ಡೂಮ್ ಬೆಲೆಯ ಅರ್ಧಕ್ಕಿಂತ ಜಾಸ್ತಿ ಹಳೆಯದಕ್ಕೆ ಕೊಡಬಾರದು.

ಹಾಗಾದರೆ ಹಳೆಯದೇ ಯಾಕೆ, ಹೊಸ ಲೋಕಲ್ ಮಾಲು ಅಗ್ಗಕ್ಕೆ ಸಿಗುತ್ತಲ್ಲ ಅಂತ ಕೇಳುತ್ತಾರೆ. ಸಿಗುತ್ತದೆ. ಆದರೆ ಅಗ್ಗದ ಲೋಕಲ್ ಡೂಮ್‌ಗಳಲ್ಲಿ ಬೆಳಕು ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದಿಲ್ಲ, ಸ್ಕ್ರೂ ತೂತು ಒಂದು ಎಳೆ ಆಚೀಚೆ ಇರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಹಳೆ ಕಂಪನಿ ಡೂಮ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಒಳ್ಳೆಯ ಸ್ಥಿತಿಯಲ್ಲಿರಬೇಕು ಅಷ್ಟೇ.

ನಿಮ್ಮ ಗಾಡಿಯದು ಯಾವುದು ಅಂತ ಗೊತ್ತು ಮಾಡಿಕೊಳ್ಳಿ

"ಓಮ್ನಿ ಡೂಮ್ ಐತೇನ್ರಿ?" ಅಂತ ಕೇಳಿದರೆ ಸಾಲದು. ಮಾರುತಿ ವ್ಯಾನ್ ಬಂದದ್ದು 1984ರಲ್ಲಿ, 1988ರಲ್ಲಿ ಅದಕ್ಕೆ ಓಮ್ನಿ ಅಂತ ಹೆಸರಾಯಿತು, 1998ರಲ್ಲಿ ಮುಂದಿನ ಮುಖ ಬದಲಾಯಿತು, 2005ರಲ್ಲಿ ಗ್ರಿಲ್, ಬಂಪರ್ ಮತ್ತೆ ಬದಲಾದವು, 2019ಕ್ಕೆ ತಯಾರಿಕೆಯೇ ನಿಂತಿತು. ಮೂವತ್ತೈದು ವರ್ಷದ ಗಾಡಿ ಅದು, ಎಲ್ಲದಕ್ಕೂ ಒಂದೇ ಡೂಮ್ ಕೂರುತ್ತದೆ ಅಂತ ನಂಬಿ ಹೋಗಬೇಡಿ. ಈಕೋ 2010ರಿಂದ ಇದೆ. ಅದಕ್ಕಿಂತ ಮುಂಚಿನ ವರ್ಸಾ 2001ರದ್ದು, ನೋಡೋದಕ್ಕೆ ಅಣ್ಣತಮ್ಮ, ಆದರೆ ಬೇರೆ ಗಾಡಿ. ಟಾಟಾ ಮ್ಯಾಜಿಕ್, ವಿಂಗರ್ ಎರಡೂ 2007ರಲ್ಲಿ ಬಂದವು, ಆಮೇಲೆ ಅವುಗಳಲ್ಲೂ ಬದಲಾವಣೆ ಆಗಿವೆ.

ಆದ್ದರಿಂದ ಆರ್‌ಸಿ ತೆಗೆದು ತಯಾರಾದ ತಿಂಗಳು, ವರ್ಷ ನೋಡಿ. ನೋಂದಣಿಯಾದ ವರ್ಷ ಅಲ್ಲ, ತಯಾರಾದ ವರ್ಷ. ಡಿಸೆಂಬರ್‌ನಲ್ಲಿ ತಯಾರಾದ ಗಾಡಿ ಮುಂದಿನ ವರ್ಷ ನೋಂದಣಿ ಆಗಿರುತ್ತದೆ, ಅಲ್ಲೇ ಗೊಂದಲ. ಚಾಸಿಸ್ ನಂಬರಿನ ಫೋಟೊ ಇಟ್ಟುಕೊಳ್ಳಿ. ಅದನ್ನು ಶೋರೂಮಿನ ಸ್ಪೇರ್ಸ್ ಕೌಂಟರ್‌ನಲ್ಲಿ ಕೊಟ್ಟರೆ ನಿಮ್ಮ ಗಾಡಿಗೆ ಕೂರುವ ಡೂಮಿನ ಪಾರ್ಟ್ ನಂಬರ್ ಹೇಳುತ್ತಾರೆ. ಬೆಲೆ ಕೇಳುವಾಗಲೇ ಈ ನಂಬರನ್ನೂ ಬರೆದುಕೊಂಡು ಬನ್ನಿ. ಒಂದೇ ಮಾತಿಗೆ ಎರಡು ಕೆಲಸ.

ಆಮೇಲೆ ಒಡೆದ ಡೂಮನ್ನು ಬಿಚ್ಚಿಸಿ. ಬಿಚ್ಚುವ ಮುಂಚೆ ಹಿಂದಿನ ವೈರುಗಳ ಫೋಟೊ ಹೊಡೆದುಕೊಳ್ಳಿ, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಕಾಣುವ ಹಾಗೆ. ಹಳೆಯ ಡೂಮ್ ಕೈಯಲ್ಲಿ ಹಿಡಿದುಕೊಂಡೇ ಗುಜರಿಗೆ ಹೋಗಬೇಕು. ಫೋಟೊ ತೋರಿಸಿದರೆ ಅಂಗಡಿಯವರು "ಇದs ನೋಡ್ರಿ" ಅಂತ ಹೆಚ್ಚುಕಮ್ಮಿ ಅಂಥದ್ದನ್ನೇ ಕೊಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ನಿಜ ಗೊತ್ತಾಗುವುದು.

ಎಡ, ಬಲ ಹೇಳುವಾಗ ಹುಷಾರು. ಗಾಡಿಯ ಮುಂದೆ ನಿಂತು ನೋಡುವವನ ಎಡ ಬೇರೆ, ಸೀಟಿನಲ್ಲಿ ಕೂತವನ ಎಡ ಬೇರೆ. ಫೋನಿನಲ್ಲಿ ಮಾತಾಡುವಾಗಂತೂ ಇದೇ ತಕರಾರು. ಡ್ರೈವರ್ ಸೈಡ್, ಕ್ಲೀನರ್ ಸೈಡ್ ಅನ್ನಿ. ಯಾರಿಗೂ ತಪ್ಪುವುದಿಲ್ಲ.

ಎಲ್ಲಿ ಹುಡುಕುವುದು

ಮೊದಲು ಊರಿನ ಟಿಂಕರಿಂಗ್ ಶೆಡ್‌ಗಳಲ್ಲಿ ಕೇಳಿ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಇನ್ಶೂರೆನ್ಸ್ ಕೆಲಸಕ್ಕೆ ಬಂದ ಗಾಡಿಯಲ್ಲಿ ಒಂದು ಡೂಮ್ ಒಡೆದಿದ್ದರೆ ಮಾಲೀಕರು ಜೋಡಿ ಹೊಂದಲಿ ಅಂತ ಎರಡೂ ಬದಲಿಸುತ್ತಾರೆ, ಚೆನ್ನಾಗಿರುವ ಇನ್ನೊಂದು ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತದೆ. ನಮಗೆ ಕೊನೆಗೆ ಸಿಕ್ಕಿದ್ದೂ ಅಂಥದ್ದೇ.

ಆಮೇಲೆ ಗುಜರಿ ಅಂಗಡಿಗಳು. ಗಂಗಾವತಿ, ಸಿಂಧನೂರಿನಲ್ಲಿ ಟ್ರ್ಯಾಕ್ಟರ್, ಲಾರಿ ಸಾಮಾನು ಸಿಕ್ಕಷ್ಟು ವ್ಯಾನ್ ಸಾಮಾನು ಸಿಗುವುದಿಲ್ಲ. ಬಳ್ಳಾರಿ ದೊಡ್ಡದು, ಹೊಸಪೇಟೆಯಲ್ಲೂ ನೋಡಬಹುದು. ಕೊಪ್ಪಳದವರಿಗೆ ಹುಬ್ಬಳ್ಳಿ ರಸ್ತೆ ಸಲೀಸು, ರಾಯಚೂರಿನವರು ಹೈದರಾಬಾದ್ ಕಡೆ ಹೋಗಿ ತರುತ್ತಾರೆ. ಎಲ್ಲೂ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಇದೆ. ಹೊಸ ಸ್ಪೇರ್ಸ್ ಬೇಕಾದರೆ ಜೆ.ಸಿ. ರಸ್ತೆ. ಬರೀ ಒಂದು ಡೂಮಿಗೆ ಬೆಂಗಳೂರಿಗೆ ಹೋಗಬೇಡಿ, ಬಸ್ ಚಾರ್ಜಿಗೇ ಹೊಸದರ ಅರ್ಧ ದುಡ್ಡು ಹೋಗುತ್ತದೆ. ಅಲ್ಲಿ ಗುರುತಿನವರು ಇದ್ದರೆ ನೋಡಿ ಬಸ್ಸಿನ ಪಾರ್ಸೆಲ್‌ಗೆ ಹಾಕಲಿ.

ಪಾರ್ಸೆಲ್ ತರಿಸುವುದಾದರೆ ಫೋಟೊ ಬೇಡ, ವಿಡಿಯೊ ಕೇಳಿ. ಬಲ್ಬ್ ಹಾಕಿ ಡಿಮ್, ಬ್ರೈಟ್ ಎರಡೂ ಹತ್ತಿಸಿದ್ದು, ಹಿಂಭಾಗ, ಪ್ರತಿಯೊಂದು ಕಿವಿ (ಸ್ಕ್ರೂ ಕೂರುವ ಚಾಚು), ಮೇಲೆ ಬರೆದ ನಂಬರ್, ಇಷ್ಟು ಒಂದೇ ವಿಡಿಯೊದಲ್ಲಿ ನಿಲ್ಲಿಸದೆ ತೋರಿಸಲಿ. ದುಡ್ಡು ಆಮೇಲೆ.

ಬಿಲ್ ಕೇಳಿ. ಕೈಬರಹದ ಚೀಟಿಯಾದರೂ ಸರಿ, ಅಂಗಡಿಯ ಹೆಸರು, ತಾರೀಕು, ಏನು ಸಾಮಾನು ಅಂತ ಇರಲಿ. ರಾತ್ರೋರಾತ್ರಿ ನಿಂತ ಗಾಡಿಯಿಂದ ಬಿಚ್ಚಿದ ಮಾಲು ಕೂಡ ಮಾರುಕಟ್ಟೆಗೆ ಬರುತ್ತದೆ. ಕದ್ದದ್ದು ಅಂತ ಗೊತ್ತಿದ್ದು ಕೊಂಡರೆ ಕೊಂಡವರಿಗೂ ಶಿಕ್ಷೆ ಇದೆ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಕಲಂ ಇದೆ. ರಸ್ತೆ ಬದಿಯಲ್ಲಿ ಯಾರೋ ಗೋಣಿಚೀಲದಿಂದ ಹೊಸದರಂಥ ಜೋಡಿ ಡೂಮ್ ತೆಗೆದು ಕಾಲು ಬೆಲೆಗೆ ಕೊಡುತ್ತೇನೆ ಅಂದರೆ ಅಲ್ಲಿಂದ ನಡೆದುಬಿಡಿ. ಅದು ಇನ್ನೊಬ್ಬ ಡ್ರೈವರಿನ ಹೊಟ್ಟೆಯ ಮೇಲೆ ಹೊಡೆದು ತಂದದ್ದು.

ಕೈಯಲ್ಲಿ ಹಿಡಿದು ನೋಡುವ ರೀತಿ

ನಾನು ಮೊದಲ ಸಲ ಸೋತದ್ದು ಇಲ್ಲೇ. ಅಂಗಡಿಯಲ್ಲಿ ಒಂದು ಡೂಮ್ ಫಳಫಳ ಹೊಳೆಯುತ್ತಿತ್ತು, ಗೀರೇ ಇಲ್ಲ. ಕಿವಿಗಳೂ ಗಟ್ಟಿ. ಆರುನೂರು ರೂಪಾಯಿ ಕೊಟ್ಟು ತಂದೆ. ರಾತ್ರಿ ಹತ್ತಿಸಿದರೆ ಗೋಡೆ ಮೇಲೆ ಹಾಲು ಚೆಲ್ಲಿದ ಹಾಗೆ ಮಂಕು ಬೆಳಕು. ಬಲ್ಬ್ ಬದಲಿಸಿದೆ, ಅರ್ತ್ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ. ಕಡೆಗೆ ಬಲ್ಬ್ ತೆಗೆದು ಒಳಗೆ ನೋಡಿದರೆ ಬಲ್ಬಿನ ಮೇಲ್ಭಾಗದಲ್ಲಿ ಬೆಳ್ಳಿ ಲೇಪ ಸುಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗೈ ಅಗಲ. ಹಿಂದಿನ ಮಾಲೀಕರು ಜಾಸ್ತಿ ವ್ಯಾಟಿನ ಬಲ್ಬ್ ಹಾಕಿ ಓಡಿಸಿದ್ದರು ಅನಿಸುತ್ತದೆ. ಮುಂದಿನ ಪ್ಲಾಸ್ಟಿಕ್‌ಗೆ ಮಾತ್ರ ಯಾರೋ ಪಾಲಿಶ್ ಹೊಡೆದಿದ್ದರು.

ಎರಡನೇ ಸಲ ಹೋದ ಕಡೆ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದರು. ನಾನು ಡೂಮ್ ಕೈಗೆತ್ತಿಕೊಂಡು ಮುಂದಿನ ಗಾಜನ್ನೇ ಬೆರಳಿಂದ ಒರೆಸುತ್ತಾ ನಿಂತಿದ್ದು ನೋಡಿ, "ತಮ್ಮಾ, ಮುಂದ ಏನ್ ನೋಡ್ತಿ, ಹಿಂದ ತಿರುಗಿಸಿ ನೋಡು" ಅಂದರು. "ಕಾಕಾ, ಹಿಂದ ಏನೈತ್ರಿ?" ಅಂದೆ. ಅವರೇ ಕೈಯಿಂದ ತೆಗೆದುಕೊಂಡು ಬಲ್ಬ್ ತೂತಿನಲ್ಲಿ ಮೊಬೈಲ್ ಟಾರ್ಚ್ ಇಟ್ಟು ತೋರಿಸಿದರು. ಅವತ್ತಿನಿಂದ ನಾನೂ ಹಾಗೇ ನೋಡುವುದು.

ಒಳಗಿನ ಆ ಬೆಳ್ಳಿ ಬಟ್ಟಲೇ ರಿಫ್ಲೆಕ್ಟರ್. ಅದು ಬೆಳ್ಳಿಯಲ್ಲ, ಪ್ಲಾಸ್ಟಿಕ್ ಅಥವಾ ತಗಡಿನ ಮೇಲೆ ಕೂರಿಸಿದ ಅಲ್ಯೂಮಿನಿಯಂನ ಬಹಳ ತೆಳುವಾದ ಪದರ. ರಸ್ತೆ ಮೇಲೆ ಬೆಳಕು ಬೀಳುವುದು ಅದರಿಂದ. ಬಲ್ಬ್ ತೂತಿನಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಎಲ್ಲ ಕಡೆ ಕನ್ನಡಿಯ ಹಾಗೆ ಒಂದೇ ಸಮ ಹೊಳೆಯಬೇಕು. ಬೂದಿ ಕಲೆ, ಕಂದು ಕಲೆ, ಗುಳ್ಳೆ, ಸಿಪ್ಪೆ ಎದ್ದದ್ದು ಕಂಡರೆ ಬೇಡ. ಮುಖ್ಯವಾಗಿ ಬಲ್ಬಿನ ಮೇಲ್ಭಾಗ ನೋಡಿ, ಬಿಸಿ ಮೇಲಕ್ಕೇ ಏರುವುದರಿಂದ ಸುಡುವುದು ಅಲ್ಲೇ ಮೊದಲು. "ಧೂಳು ಕೂತೈತ್ರಿ, ಒರೆಸಿದ್ರ ಹೋಗ್ತೈತಿ" ಅಂದರೆ ಒಪ್ಪಬೇಡಿ. ಆ ಪದರ ಬಟ್ಟೆ ತಾಗಿದರೆ ಬಟ್ಟೆಗೇ ಬರುತ್ತದೆ. ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದದ್ದೂ ನೋಡಿದ್ದೇನೆ. ಬಣ್ಣ ಬೆಳಕನ್ನು ಚೆದುರಿಸುತ್ತದೆ, ಕನ್ನಡಿಯ ಹಾಗೆ ಹಿಡಿದು ಮುಂದಕ್ಕೆ ಕಳಿಸುವುದಿಲ್ಲ.

ಆಮೇಲೆ ಕಿವಿಗಳು. ಡೂಮನ್ನು ಬಾಡಿಗೆ ಹಿಡಿದು ನಿಲ್ಲಿಸುವ, ಸ್ಕ್ರೂ ಕೂರುವ ಆ ಚಾಚುಗಳು. ನಿಮ್ಮ ಹಳೆಯದನ್ನು ಪಕ್ಕಕ್ಕಿಟ್ಟು ಒಂದೊಂದೇ ಎಣಿಸಿ. ಒಂದು ಕಿವಿ ಬಿರುಕು ಬಿಟ್ಟಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬಹುದು, ಎರಡು ಹೋಗಿದ್ದರೆ ಬೇಡ. ಎಂ-ಸೀಲ್ ಹಚ್ಚಿ ಕೂರಿಸಿದ ಕಿವಿ ನಮ್ಮ ಕಡೆಯ ಗುಂಡಿ ರಸ್ತೆಗಳಲ್ಲಿ ಹದಿನೈದು ದಿನ ತಡೆಯುವುದಿಲ್ಲ. ಒಂದು ಕಿವಿ ಸಡಿಲವಾದರೂ ಇಡೀ ಡೂಮ್ ಅದುರುತ್ತದೆ, ರಸ್ತೆ ಮೇಲೆ ಬೆಳಕು ಕುಣಿಯುತ್ತದೆ, ಅರ್ಧ ಗಂಟೆ ಓಡಿಸಿದರೆ ಕಣ್ಣು ಉರಿ.

ಡೂಮನ್ನು ನಿಮ್ಮ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬಂದರೆ ಬೇಡ. ಕಡ್ಡಿ ತುಂಡಿನ ಸದ್ದು ಬಂದರೆ ಅಡ್ಜಸ್ಟರ್‌ನ ಪ್ಲಾಸ್ಟಿಕ್ ಗುಂಡು ಮುರಿದಿರಬಹುದು. ಹಿಂದೆ ಬೆಳಕನ್ನು ಮೇಲೆ ಕೆಳಗೆ, ಪಕ್ಕಕ್ಕೆ ತಿರುಗಿಸುವ ಸ್ಕ್ರೂಗಳು ಇರುತ್ತವೆ. ಪ್ರತಿಯೊಂದನ್ನೂ ಎರಡು ಸುತ್ತು ತಿರುಗಿಸಿ, ಒಳಗಿನ ಬಟ್ಟಲು ಅಲುಗುತ್ತದಾ ಅಂತ ಮುಂದಿನಿಂದ ನೋಡಿ. ಸ್ಕ್ರೂ ಸುಮ್ನೆ ತಿರುಗುತ್ತಾ ಇದ್ದು ಬಟ್ಟಲು ಅಲುಗದಿದ್ದರೆ ಆ ಡೂಮ್ ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಗುಜರಿಯಲ್ಲಿ ಇದನ್ನು ನೋಡುವವರು ನೂರಕ್ಕೆ ಒಬ್ಬರೂ ಇಲ್ಲ.

ಒಳಗೆ ತೆಳುವಾಗಿ ಮಂಜು ಕಟ್ಟಿದ್ದರೆ ಹೆದರಬೇಡಿ, ಡೂಮ್‌ಗಳಿಗೆ ಉಸಿರಾಡುವ ಸಣ್ಣ ತೂತು ಇರುತ್ತದೆ, ಮಳೆಗಾಲದಲ್ಲಿ ಮಂಜು ಬಂದು ಲೈಟ್ ಹಾಕಿದ ಮೇಲೆ ಹೋಗುತ್ತದೆ. ಆದರೆ ತಳದಲ್ಲಿ ನೀರು ನಿಂತು ಒಣಗಿದ ಗೆರೆ, ಕೆಂಪು ಮಣ್ಣಿನ ಅಂಚು ಕಂಡರೆ ಎಲ್ಲೋ ಅಂಟು ಬಿಟ್ಟಿದೆ ಅಂತ ಅರ್ಥ. ನಾನಂತೂ ಅದನ್ನು ಅಲ್ಲೇ ಇಟ್ಟು ಬರುತ್ತೇನೆ.

ಬಲ್ಬ್ ಕೂರುವ ಜಾಗವನ್ನೂ ಬೆರಳಿಂದ ಮುಟ್ಟಿ ನೋಡಿ. ನಮ್ಮ ಕಡೆ ಓಡಾಡುವ ಹೆಚ್ಚಿನ ಹಳೆ ವ್ಯಾನ್‌ಗಳಲ್ಲಿ ಎಚ್4 ಬಲ್ಬ್, ಮೂರು ಪಿನ್ನಿನದು, ಡಿಮ್ಮು ಬ್ರೈಟು ಎರಡೂ ಒಂದರಲ್ಲೇ. ಅದರ ತಳದ ಬಿಲ್ಲೆಗೆ ಮೂರು ಚಾಚು ಇರುತ್ತವೆ, ಅವು ಡೂಮಿನ ಮೂರು ಕಚ್ಚಿನಲ್ಲಿ ಒಂದೇ ರೀತಿಯಲ್ಲಿ ಕೂರುತ್ತವೆ. ಆ ಕಚ್ಚು ಸವೆದಿರಬಾರದು, ಹಿಡಿಯುವ ತಂತಿ ಕ್ಲಿಪ್ ಬಿಗಿಯಾಗಿರಬೇಕು. ಹಿಂದಿನ ರಬ್ಬರ್ ಟೋಪಿ ಹರಿದಿದ್ದರೆ ಹೊಸದು ಸಿಗುತ್ತದೆ, ಅದಕ್ಕೆ ಬೆಲೆ ಇಳಿಸಿ ಕೇಳಿ.

ಮೇಲಿನ ಬರಹ ಓದಿ. ಡೂಮಿನ ಹಿಂದೆ ಅಥವಾ ಗಾಜಿನ ಅಂಚಿನಲ್ಲಿ ತಯಾರಕರ ಹೆಸರು ಅಚ್ಚಾಗಿರುತ್ತದೆ. ಮಾರುತಿಗೆ ದೀಪ ಮಾಡಿಕೊಡುವ ಲುಮ್ಯಾಕ್ಸ್‌ನಂಥ ಹೆಸರು ಅಚ್ಚಿನಲ್ಲೇ ಮೂಡಿದ್ದರೆ ಕಂಪನಿ ಮಾಲು ಇರಬಹುದು ಅನ್ನಬಹುದು, ಬರೀ ಸ್ಟಿಕ್ಕರ್ ಇದ್ದರೆ ಅಂಥ ನಂಬಿಕೆ ಬೇಡ. ಪಾರ್ಟ್ ನಂಬರ್ ಇದ್ದರೆ ಶೋರೂಮಿನಲ್ಲಿ ಬರೆದುಕೊಂಡದ್ದಕ್ಕೆ ಹೋಲಿಸಿ.

ಕೊನೆಗೆ ಅಂಗಡಿಯವರ ಬ್ಯಾಟರಿಗೆ ನಿಮ್ಮದೇ ಬಲ್ಬ್ ಹಾಕಿ ಹತ್ತಿಸಿ ನೋಡಿ. ಬಲ್ಬ್ ನೀವೇ ಒಯ್ಯಿರಿ. ನೆರಳಿನಲ್ಲಿ, ನಾಲ್ಕು ಹೆಜ್ಜೆ ದೂರದ ಗೋಡೆಗೆ ಹಿಡಿದು ಡಿಮ್ ಹಾಕಿ. ಬೆಳಕಿನ ಮೇಲಂಚು ಗೆರೆ ಎಳೆದ ಹಾಗೆ ಕಾಣಬೇಕು. ಬಲಭಾಗದಲ್ಲಿ ಸಮತಟ್ಟು, ಎಡಭಾಗದಲ್ಲಿ ಸ್ವಲ್ಪ ಮೇಲಕ್ಕೆ. ನಾವು ಎಡಗಡೆ ಓಡಿಸುವವರು, ಆದ್ದರಿಂದ ನಮ್ಮ ಎರಡೂ ಡೂಮ್‌ಗಳು ಎಡ ಅಂಚಿಗೆ ಜಾಸ್ತಿ ಬೆಳಕು ಕೊಟ್ಟು, ಎದುರಿಗೆ ಬರುವವರ ಕಣ್ಣಿಗೆ ಕಮ್ಮಿ ಹೊಡೆಯುವ ಹಾಗೆ ಮಾಡಿರುತ್ತಾರೆ. ಬಲಗಡೆ ಮೇಲಕ್ಕೆ ಏರಿದ್ದರೆ ಅದು ಬೇರೆ ದೇಶದ ರಸ್ತೆಗೆ ಮಾಡಿದ ಮಾಲು, ಎಷ್ಟೇ ಅಗ್ಗವಾದರೂ ಬೇಡ. ಅಂಚೇ ಕಾಣದೆ ಚೆಲ್ಲಾಪಿಲ್ಲಿ ಆಗಿದ್ದರೆ ರಿಫ್ಲೆಕ್ಟರ್ ಕೆಟ್ಟಿದೆ.

ಚೌಕಾಸಿಯ ಮಾತು ಚಿಕ್ಕದು. ನೀವು ಟಾರ್ಚ್ ಹಿಡಿದು, ಸ್ಕ್ರೂ ತಿರುಗಿಸಿ ನೋಡುತ್ತಿದ್ದರೆ ಬೆಲೆ ತಾನಾಗೇ ಇಳಿಯುತ್ತದೆ. ಕೂರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ, ಚೀಟಿಯ ಹಿಂದೆ ಬರೆಸಿಕೊಳ್ಳಿ.

ಕೂರಿಸುವಾಗ

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಶುರು ಮಾಡಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಲ್ಲೇ ಹಿಡಿಸಿ, ಡೂಮ್ ಸುತ್ತಲಿನ ಸಂದು ಒಂದೇ ಸಮ ಬಂದ ಮೇಲೆ ಪಾನಾ ಹಾಕಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ಹಳೆಯ ಪ್ಲಾಸ್ಟಿಕ್ ಕಿವಿ ಟಪ್ ಅಂತ ಮುರಿಯುತ್ತದೆ. ಕೂರುತ್ತಿಲ್ಲ ಅಂದರೆ ಒತ್ತಬೇಡಿ. ಅಪಘಾತದಲ್ಲಿ ಹಿಂದಿನ ತಗಡೇ ಬಗ್ಗಿರಬಹುದು, ಟಿಂಕರ್ ಕೈಯಲ್ಲಿ ಅದನ್ನು ಎಳೆಸಿ ಆಮೇಲೆ ಕೂರಿಸಿ.

ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಗಾಜಿಗೆ ಹತ್ತಿದ ಜಾಗ ಜಾಸ್ತಿ ಕಾಯುತ್ತದೆ, ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ.

12 ವೋಲ್ಟ್ ಎಚ್4ರ ಸರಿಯಾದ ಅಳತೆ 60/55 ವ್ಯಾಟ್. ಅಂಗಡಿಯಲ್ಲಿ 100/90 ಕೊಡುತ್ತಾರೆ, ಹೊಲದ ದಾರಿಗೆ ಬೇಕು ಅಂತ ನಮ್ಮ ಕಡೆ ಹಾಕಿಸಿಕೊಳ್ಳುವವರು ಬಹಳ. ದಯವಿಟ್ಟು ಬೇಡ. 60 ವ್ಯಾಟಿನದು 5 ಆಂಪಿಯರ್ ಕರೆಂಟ್ ಎಳೆದರೆ 100 ವ್ಯಾಟಿನದು 8ಕ್ಕಿಂತ ಜಾಸ್ತಿ ಎಳೆಯುತ್ತದೆ. ಗಾಡಿಯ ವೈರ್, ಸ್ವಿಚ್, ಕಪ್ಲರ್ ಅಷ್ಟಕ್ಕೆ ಮಾಡಿದ್ದಲ್ಲ. ಮೊದಲು ಕಪ್ಲರ್ ಕರಗುತ್ತದೆ, ಆಮೇಲೆ ನೀವು ಇಷ್ಟು ಕಷ್ಟಪಟ್ಟು ಹುಡುಕಿ ತಂದ ರಿಫ್ಲೆಕ್ಟರ್ ಸುಡುತ್ತದೆ. ಹ್ಯಾಲೊಜೆನ್‌ಗೆ, ಅಂದರೆ ಎಚ್4ರಂಥ ಬಲ್ಬಿಗೆ ಮಾಡಿದ ಡೂಮಿಗೆ ಅಗ್ಗದ ಎಲ್‌ಇಡಿ ಬಲ್ಬ್ ಸಿಕ್ಕಿಸುವುದೂ ಬೇಡ. ನಮಗೆ ಹತ್ತಿರ ಬೆಳ್ಳಗೆ ಕಾಣುತ್ತದೆ, ಎದುರಿನವರಿಗೆ ಕಣ್ಣು ಕತ್ತಲೆ.

ಹಳದಿ ಬೋರ್ಡಿನ ವ್ಯಾನ್ ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಕನ್ನೂ ನೋಡಿಕೊಳ್ಳಿ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಳ್ಳಾರಿಯ ಕೆಎ 34 ಆಗಲಿ, ರಾಯಚೂರಿನ 36 ಆಗಲಿ, ನಮ್ಮ ಕೊಪ್ಪಳದ 37 ಆಗಲಿ, ಹೆಡ್‌ಲೈಟ್ ಸರಿ ಇಲ್ಲದಿದ್ದರೆ ಅಲ್ಲಿ ನಿಲ್ಲಿಸುತ್ತಾರೆ. ಹಿಂದಿನ ದಿನ ಓಡಾಡುವುದಕ್ಕಿಂತ ತಿಂಗಳ ಮುಂಚೆ ಮಾಡಿಸಿ.

ಬೆಳಕು ಕೂರಿಸುವುದು

ಇದನ್ನು ಬಿಟ್ಟರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಸಮತಟ್ಟಾದ ನೆಲ, ಎದುರಿಗೆ ಒಂದು ಗೋಡೆ ಬೇಕು. ನಾವು ರೈಸ್ ಮಿಲ್ಲಿನ ಕಾಂಪೌಂಡ್ ಗೋಡೆ ಹಿಡಿದುಕೊಂಡೆವು, ಅಲ್ಲಿ ಭತ್ತ ಒಣಗಿಸುವ ಸಿಮೆಂಟ್ ಕಣ ಇತ್ತು, ಅದಕ್ಕಿಂತ ಸಮ ನೆಲ ನಮ್ಮ ಊರಲ್ಲಿ ಇನ್ನೆಲ್ಲಿ ಸಿಗಬೇಕು.

ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಹಿಂದೆ ದಿನಾ ಎಷ್ಟು ಭಾರ ಇರುತ್ತದೋ ಅಷ್ಟು ಇಡಿ. ಇದು ವ್ಯಾನ್‌ಗೆ ಬಹಳ ಮುಖ್ಯ. ಹಿಂದೆ ಭಾರ ಬಿದ್ದರೆ ಹಿಂಭಾಗ ಕೂತು ಮೂತಿ ಮೇಲೇಳುತ್ತದೆ, ಖಾಲಿ ಗಾಡಿಯಲ್ಲಿ ಸರಿ ಮಾಡಿದ ಬೆಳಕು ತುಂಬಿದ ಗಾಡಿಯಲ್ಲಿ ಎದುರಿನವರ ಕಣ್ಣಿಗೆ ಹೋಗುತ್ತದೆ. ನಾವು ನಾಲ್ಕು ಕೊಪ್ಪರಿಗೆ, ಗ್ಯಾಸ್ ಸಿಲಿಂಡರ್, ಒಲೆ ಎಲ್ಲ ಇಟ್ಟೇ ಮಾಡಿದ್ದು.

ಡೂಮಿನಿಂದ ಗೋಡೆಗೆ 5 ಮೀಟರ್ ದೂರ ಅಳತೆ ಟೇಪಿನಿಂದ ಹಿಡಿದು ಗಾಡಿ ನೇರ ನಿಲ್ಲಿಸಿ. ನೆಲದಿಂದ ಡೂಮಿನ ನಡುವಿನ ಎತ್ತರ ಅಳೆದು ಗೋಡೆ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಎರಡು ಡೂಮ್‌ಗಳ ನೇರಕ್ಕೆ ಗೋಡೆ ಮೇಲೆ ಮೇಲಿಂದ ಕೆಳಕ್ಕೆ ಎರಡು ಉದ್ದ ಗೆರೆಗಳನ್ನೂ ಹಾಕಿ. ಕತ್ತಲಾದ ಮೇಲೆ ಡಿಮ್ ಹಾಕಿ, ಒಂದು ಡೂಮನ್ನು ಗೋಣಿಯಿಂದ ಮುಚ್ಚಿ ಇನ್ನೊಂದನ್ನು ನೋಡಿ. ಹ್ಯಾಲೊಜೆನ್ ಡೂಮ್ ಬಿಸಿಯಾಗುತ್ತದೆ, ಗೋಣಿ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಇರಬಾರದು, ರಟ್ಟಿನ ಹಲಗೆ ಅಡ್ಡ ಹಿಡಿದರೆ ಇನ್ನೂ ಒಳ್ಳೆಯದು. ಬೆಳಕಿನ ಸಮತಟ್ಟು ಮೇಲಂಚು ಕೆಳಗಿನ ಗೆರೆಗೆ ಬರಬೇಕು, ಅದು ಎಡಕ್ಕೆ ಏರಲು ಶುರುವಾಗುವ ಮೂಲೆ ಆ ಡೂಮಿನ ಉದ್ದ ಗೆರೆಯ ಹತ್ತಿರ ಇರಬೇಕು. ಹಿಂದಿನ ಸ್ಕ್ರೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ತನ್ನಿ. ಜಾಗ ಇದ್ದರೆ 10 ಮೀಟರ್ ದೂರದಿಂದ ಮಾಡಿ, ಆಗ 10 ಸೆಂಟಿಮೀಟರ್ ಕೆಳಗೆ.

ಹಳೆಯ ಕಡೆಯದನ್ನೂ ಅದೇ ಕೈಯಲ್ಲಿ ಸರಿ ಮಾಡಿಬಿಡಿ. ನಮ್ಮ ಕ್ಲೀನರ್ ಸೈಡ್ ಬೆಳಕು ಎಷ್ಟೋ ವರ್ಷದಿಂದ ಗೆರೆಗಿಂತ ಒಂದು ಗೇಣು ಮೇಲೆ ಹೊಡೆಯುತ್ತಿತ್ತು. ಎದುರಿನ ಲಾರಿಯವರು ನಮಗೆ ಡಿಪ್ ಹೊಡೆಯುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಒಂದು ವಾರ ಓಡಿಸಿ ಮತ್ತೆ ಅದೇ ಗೋಡೆಗೆ ನಿಲ್ಲಿಸಿ ನೋಡಿ. ಹೊಸದಾಗಿ ಬಿಗಿ ಮಾಡಿದ ಸ್ಕ್ರೂ ಕುಲುಕಾಟಕ್ಕೆ ಸ್ವಲ್ಪ ಸಡಿಲವಾಗುತ್ತದೆ, ನಮ್ಮದು ಎರಡು ಬೆರಳು ಇಳಿದಿತ್ತು.

ಒಡೆದ ಹಳೆಯ ಡೂಮನ್ನು ಬಿಸಾಡಬೇಡಿ. ಅದರ ಕ್ಲಿಪ್, ರಬ್ಬರ್ ಟೋಪಿ, ಅಡ್ಜಸ್ಟರ್ ಸ್ಕ್ರೂ, ಕಪ್ಲರ್ ಬಿಚ್ಚಿ ಒಂದು ಡಬ್ಬಿಗೆ ಹಾಕಿ ಸೀಟಿನ ಕೆಳಗೆ ಇಡಿ, ಬಿಡಿಬಿಡಿಯಾಗಿ ಇವು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಡಬ್ಬಿಯ ಕ್ಲಿಪ್ ಹೋದ ಶ್ರಾವಣದಲ್ಲಿ ಕುಷ್ಟಗಿಯ ಒಬ್ಬ ಓಮ್ನಿ ಡ್ರೈವರಿಗೆ ಕೊಟ್ಟೆವು, ಅವರು ಬಲ್ಬನ್ನು ತಂತಿ ಸುತ್ತಿ ನಿಲ್ಲಿಸಿಕೊಂಡಿದ್ದರು. ಸ್ವಲ್ಪ ಬಗ್ಗಿಸಿದ ಮೇಲೆ ಕೂತಿತು.